ಮಳೆ ಮುಟ್ಟದ ಗೋಡೆ

ಪ್ರಾಂಶುಪಾಲರೇ, ಹಾ ಸೆಲೋಮೋ ಊರಿನ ಮುಖಂಡರಾದ ನ್ಟಾಟೆ ಸೆಖೋಬೆಯವರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿನಿಯರೇ — ಮುಂದಿನ ಸಾಲಿನಲ್ಲಿ ತಾಯಿಯ ಕಂಬಳಿಯನ್ನೇ ಹೊದ್ದು ಕುಳಿತಿರುವ ನಾಪೋ — ಮತ್ತು ಹಿಂದೆ, ಬಾಗಿಲ ಹತ್ತಿರದ ಬೆಂಚುಗಳಲ್ಲಿ, ಬೆಳಗ್ಗೆಯೇ ವ್ಯಾನು ಹತ್ತಿ ಬಂದಿರುವ ಹಾ ಸೆಲೋಮೋದ ತಾಯಂದಿರೇ — ನಿಮಗೆಲ್ಲ ನನ್ನ ನಮಸ್ಕಾರ.

ನಮ್ಮಲ್ಲಿ ಸಭೆ ಎಂದರೆ ಮೂರು ಮಾತು ಕೂಗುವ ಪದ್ಧತಿ. ಶಾಂತಿ, ಮಳೆ, ಸಮೃದ್ಧಿ. ಇವತ್ತು ನಾನು ಕೂಗುವುದಿಲ್ಲ. ತಪ್ಪು ತಿಳಿಯಬೇಡಿ. ಆ ನಡುವಿನ ಮಾತನ್ನು ಇಲ್ಲಿ ನಿಂತು ಕೂಗುವ ಹಕ್ಕು ನನಗಿದೆಯೇ ಎಂಬುದೇ ನನಗೆ ಗೊತ್ತಿಲ್ಲ. ಯಾಕೆ ಎಂದು ಹೇಳುವುದಕ್ಕೇ ಎದ್ದು ನಿಂತಿದ್ದೇನೆ.

ನನ್ನ ಹೆಸರು ಕೆನೆವೆ. ಈ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಸೆಸೋಥೋ ಸಾಹಿತ್ಯ ಪಾಠ ಮಾಡುತ್ತೇನೆ. ಮಂಗಳವಾರ ತೀರಿಕೊಂಡ ಮಾನಾಪೋ ಕ್ವಾಬಾನೆಯವರು — ನಮಗೆಲ್ಲ ಮಾನಾಪೋ ಅಮ್ಮ, ಈ ನಾಪೋಳ ತಾಯಿ — ಇಲ್ಲಿ ಇಪ್ಪತ್ತೆರಡು ವರ್ಷ ಕೈಕೆಲಸದ ಬೋಧಕಿಯಾಗಿದ್ದರು. ಓದಿದ್ದು ಏಳನೆಯ ತರಗತಿ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ನಮ್ಮೆಲ್ಲರ ಹೆಸರುಗಳ ಕೆಳಗೆ, ತೋಟದ ಮಾಲಿಯ ಹೆಸರಿಗಿಂತ ಒಂದು ಗೆರೆ ಮೇಲೆ ಇರುತ್ತಿತ್ತು. ಅವರು ಅದನ್ನು ನೋಡಿ, “ಸರಿಯಾಗೇ ಇದೆ. ಅವನಿಗೂ ನನಗೂ ಮಣ್ಣೇ ಕೆಲ್ಸ” ಎನ್ನುತ್ತಿದ್ದರು.

ಅವರು ಕಲಿಸುತ್ತಿದ್ದದ್ದು ಲಿಟೇಮಾ. ನಮ್ಮ ತಾಯಂದಿರು ಮನೆಯ ಗೋಡೆಗೆ ಮಣ್ಣು ಸಗಣಿ ಮೆತ್ತಿ, ಅದು ಹಸಿಯಾಗಿರುವಾಗಲೇ ಬೆರಳಿನಿಂದ, ಮುಳ್ಳುಚಮಚದಿಂದ ಗೀರಿ ಗೀರಿ ಎಬ್ಬಿಸುವ ಚಿತ್ತಾರ. ದೂರದಿಂದ ನೋಡಿದರೆ ಉತ್ತ ಹೊಲ. ಹತ್ತಿರದಿಂದ ನೋಡಿದರೆ ಒಬ್ಬ ಹೆಂಗಸಿನ ಕೈ.

ತರಗತಿಯ ಮೊದಲ ದಿನ ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದ ಹುಡುಗಿಯರು ಬಕೆಟ್ಟಿನ ಸುತ್ತ ಮೂಗು ಮುಚ್ಚಿ ನಿಲ್ಲುತ್ತಿದ್ದರು. ನೀವೂ ನಿಂತಿದ್ದಿರಿ, ನಗಬೇಡಿ. “ಕೈ ಹಾಕೇ ತಾಯಿ” ಎನ್ನುತ್ತಿದ್ದರು ಅಮ್ಮ. “ಇವತ್ತು ಸಗಣಿಗೆ ಹೇಸಿದೋಳು ನಾಳೆ ಮಕ್ಕಳ ಮೂಗಿಗೂ ಹೇಸ್ತಾಳೆ. ಆಮೇಲೆ ಅದೆಂಥ ಟೀಚರ್ರು ನೀನು?”

ವರ್ಷದ ಕೊನೆಯ ದಿನ ಇನ್ನೊಂದು. ಹಿಂಭಾಗದ ಅಭ್ಯಾಸದ ಗೋಡೆಯ ಮೇಲೆ ಯಾರ ಚಿತ್ತಾರ ಎಲ್ಲಕ್ಕಿಂತ ಚೆನ್ನಾಗಿದೆಯೋ, ಅವಳ ಕೈಗೆ ಒಂದು ಬಕೆಟ್ ನೀರು ಕೊಡುತ್ತಿದ್ದರು. ಬಹುಮಾನ ಅಂತ ಅವಳು ಮುಂದೆ ಬಂದಿರುತ್ತಿದ್ದಳು, ಪಾಪ. “ಹುಯ್ಯಿ” ಎನ್ನುತ್ತಿದ್ದರು. ಅವಳೇ, ತನ್ನ ಕೈಯಾರೆ, ತನ್ನ ಗೋಡೆಯ ಮೇಲೆ ನೀರು ಹುಯ್ಯಬೇಕು. ಅಳುತ್ತಾ ಹುಯ್ದವರಿದ್ದಾರೆ. ಒಬ್ಬಳು ಬಕೆಟ್ ಬಿಸಾಕಿ ಓಡಿಹೋಗಿದ್ದಳು — ಅವಳೂ ಇಲ್ಲೇ ಕುಳಿತಿದ್ದಾಳೆ, ಈಗ ಮುಖ್ಯೋಪಾಧ್ಯಾಯಿನಿ.

ಅದು ಕ್ರೌರ್ಯವಲ್ಲ ಎಂಬುದು ಹಾ ಸೆಲೋಮೋದ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಲಿಟೇಮಾ ಬರೆಯುವುದು ಉಳಿಯಲಿ ಎಂದಲ್ಲ. ಅದು ಮಳೆ ಕೊಡು ಎಂದು ಕೇಳುವುದು. ಹೊಲ ಉತ್ತಿದ್ದೇವೆ, ನೋಡು ಎಂದು ಮೇಲಿರುವ ಹಿರಿಯರಿಗೆ ತೋರಿಸುವುದು. ಮಳೆ ಬಂದು ಗೋಡೆಯನ್ನು ತೊಳೆದುಕೊಂಡು ಹೋದರೆ ಕೇಳಿದ್ದು ಅವರಿಗೆ ಕೇಳಿಸಿತು ಎಂದು ಅರ್ಥ. ಅಳಿಸಿಹೋದ ಗೋಡೆಯ ಮುಂದೆ ನಮ್ಮ ಅಜ್ಜಿಯಂದಿರು ಹಾಡು ಹೇಳಿ ಕುಣಿಯುತ್ತಿದ್ದರು.

ಇಷ್ಟು ಗೊತ್ತಿದ್ದವಳು ನಾನು. ಪುಸ್ತಕದಿಂದ ಅಲ್ಲ, ನನ್ನ ತಾಯಿಯಿಂದಲೇ ಗೊತ್ತಿತ್ತು. ಆ ಮೇಲೂ —

ಇರಲಿ. ಕ್ರಮವಾಗಿ ಹೇಳುತ್ತೇನೆ.

ಹದಿಮೂರು ವರ್ಷದ ಹಿಂದೆ, ಸಮುದ್ರದಾಚೆಯ ಒಂದು ದೊಡ್ಡ ಬಂದರು ನಗರದಲ್ಲಿ ವಿಶ್ವಮೇಳ ನಡೆಯಿತು. ಪ್ರತಿ ದೇಶಕ್ಕೂ ಒಂದೊಂದು ಮಂಟಪ. ನಮ್ಮ ದೇಶಕ್ಕೆ ಸಿಕ್ಕಿದ್ದು ಒಂದು ದೊಡ್ಡ ಸಭಾಂಗಣದೊಳಗಿನ ಒಂದು ಮೂಲೆ. ನಮ್ಮ ಹುಲ್ಲಿನ ಟೋಪಿಯ ಆಕಾರದ ಚಾವಣಿ, ಅದರ ಕೆಳಗೆ ಇಪ್ಪತ್ತು ಹೆಜ್ಜೆ ಉದ್ದದ ಒಂದು ಗೋಡೆ. ಆ ಗೋಡೆಗೆ ಲಿಟೇಮಾ ಬೇಕು ಎಂದರು. ನಮ್ಮ ಕಾಲೇಜಿಗೆ ಪತ್ರ ಬಂತು. ಮಾನಾಪೋ ಅಮ್ಮ ಹೊರಟರು. ಭಾಷೆ ಬಲ್ಲವಳು ಒಬ್ಬಳು ಜೊತೆಗಿರಲಿ ಎಂದು ನನ್ನನ್ನೂ ಕಳಿಸಿದರು. ನನಗಾಗ ಮೂವತ್ತೈದು. ಕೆಲಸ ಕಾಯಂ ಆಗಿರಲಿಲ್ಲ. ವಿಮಾನ ಹತ್ತಿದ್ದು ಇಬ್ಬರೂ ಅದೇ ಮೊದಲು.

ವಿಮಾನ ನಿಲ್ದಾಣದಲ್ಲಿ ಅಮ್ಮನ ಚೀಲದಿಂದ ಮುಳ್ಳುಚಮಚ ತೆಗೆದುಕೊಂಡುಬಿಟ್ಟರು. ಮೂವತ್ತು ವರ್ಷ ಗೋಡೆ ಗೀರಿ ಹಲ್ಲು ಸವೆದಿದ್ದ ಚಮಚ. “ಇದರಿಂದ ಯಾರನ್ನ ಚುಚ್ಚೋಕಾಗುತ್ತೆ, ಸಾಮಿ? ಜೋಳದ ಮುದ್ದೇನೂ ಚುಚ್ಚಲ್ಲ ಇದು!” ಎಂದು ಅಮ್ಮ ಅವನಿಗೆ ಸೆಸೋಥೋದಲ್ಲೇ ಹೇಳಿದರು. ಅವನು ಅವನ ಭಾಷೆಯಲ್ಲಿ ಏನೋ ಹೇಳಿದ. ವಿಮಾನದಲ್ಲಿ ಊಟದ ಜೊತೆ ಪ್ಲಾಸ್ಟಿಕ್ಕಿನದು ಕೊಟ್ಟಾಗ ಅದನ್ನು ಬೆಳಕಿಗೆ ಹಿಡಿದು ನೋಡಿ, “ಹಲ್ಲಿದ್ರೂ ಕಚ್ಚಕ್ಕಾಗ್ದಿರೋ ಮುದುಕಿ” ಎಂದು ಹೇಳಿ ಚೀಲಕ್ಕೆ ಹಾಕಿಕೊಂಡರು.

ಮಣ್ಣು ತರುವ ಹಾಗಿಲ್ಲ ಎಂಬುದು ಅಲ್ಲಿಯ ಕಾನೂನು. ಹಾ ಸೆಲೋಮೋದ ಕೆಮ್ಮಣ್ಣು ಅವರ ಉಗುರಿನೊಳಗೆ ಎಷ್ಟಿತ್ತೋ ಅಷ್ಟೇ ಸಮುದ್ರ ದಾಟಿತು. ಅಲ್ಲಿ ಮೂಟೆಗಳಲ್ಲಿ ಕೊಂಡ ಜೇಡಿಮಣ್ಣು ಕೊಟ್ಟರು, ಹಿಟ್ಟಿನ ಹಾಗೆ ಜರಡಿ ಹಿಡಿದದ್ದು. ಸಗಣಿಗಾಗಿ ನಗರದ ಹೊರಗಿನ ಕಾರ್ಖಾನೆಯಂಥ ಒಂದು ಹಾಲಿನ ಫಾರ್ಮಿಗೆ ಕರೆದುಕೊಂಡು ಹೋದರು. ಅಮ್ಮ ಕೈಯಲ್ಲಿ ಹಿಡಿದು ಹಿಸುಕಿ ನೋಡಿದರು. ಮುಖ ಸಣ್ಣದಾಯಿತು.

“ಈ ಹಸುಗಳು ಹುಲ್ಲೇ ಕಂಡಿಲ್ಲ ಕಣೇ. ಬರೀ ಹಿಟ್ಟು ತಿನ್ನಿಸ್ತಾರೆ. ನಾರೇ ಇಲ್ಲ ಇದ್ರಲ್ಲಿ. ನಾರಿಲ್ದೆ ಗೋಡೆ ಹೆಂಗೆ ಹಿಡ್ಕೊಳ್ಳುತ್ತೆ?”

ಹಿಡಿದುಕೊಳ್ಳಲಿಲ್ಲ. ಎಂಟು ದಿನ ಹಗಲೆಲ್ಲ ನಿಂತು ಬರೆದರು. ಎಂಥ ಗೋಡೆ! ನಾನು ಅವರ ಬಹಳ ಗೋಡೆಗಳನ್ನು ನೋಡಿದ್ದೇನೆ. ಅಂಥದ್ದನ್ನು ನೋಡಿಲ್ಲ. ದೂರದ ದೇಶದಲ್ಲಿ, ಯಾರೂ ನೋಡಿ ತಪ್ಪು ಹೇಳುವವರಿಲ್ಲದ ಕಡೆ ಇನ್ನಷ್ಟು ಸರಿಯಾಗಿ ಬರೆಯಬೇಕು ಎಂಬ ಹಟ ಇತ್ತೇನೋ ಅವರಿಗೆ. ಹನ್ನೊಂದನೆಯ ದಿನ ಗೋಡೆ ಬಿರಿಯಿತು. ಹದಿಮೂರನೆಯ ದಿನ ಉದುರತೊಡಗಿತು. ನೋಡಲು ಬಂದವರು ಕೈ ಸವರಿ ನೋಡುತ್ತಿದ್ದರು, ಕೈಗೆ ಪುಡಿ ಹತ್ತುತ್ತಿತ್ತು. ಪಕ್ಕದ ದೇಶದ ಮಂಟಪದವರು ಧೂಳು ಬರುತ್ತಿದೆ, ವಾಸನೆ ಬರುತ್ತಿದೆ ಎಂದು ದೂರು ಕೊಟ್ಟರು.

ಮೇಳದವರು ಒಬ್ಬ ವಿನ್ಯಾಸಕಿಯನ್ನು ಕಳಿಸಿದರು. ತೆಳ್ಳಗಿನ, ಒಳ್ಳೆಯ ಹೆಂಗಸು. ಕೆಡುಕು ಮಾಡಬೇಕು ಎಂದು ಬಂದವಳಲ್ಲ. ಗಾಜಿನ ಹಾಗೆ ಪಾರದರ್ಶಕವಾದ ವಾರ್ನಿಷ್ ಇದೆ, ಗೋಡೆಯ ಮೇಲೆ ಸಿಂಪಡಿಸಿದರೆ ಇನ್ನು ಐವತ್ತು ವರ್ಷ ಏನೂ ಆಗುವುದಿಲ್ಲ ಎಂದಳು. ನಾನು ಅಮ್ಮನಿಗೆ ಹೇಳಿದೆ. ಅಮ್ಮ ನಕ್ಕುಬಿಟ್ಟರು.

“ಉದುರ್ಲಿ ಬಿಡೇ. ಉದುರ್ಲಿ ಅಂತಾನೇ ಅಲ್ವಾ ಬರಿಯೋದು? ಮತ್ತೆ ಬರೆದ್ರಾಯ್ತು.”

“ಅಮ್ಮಾ, ನಾವು ಬರೋ ಗುರುವಾರ ಊರಿಗೆ ಹೊರಡಬೇಕು. ಮೂರೇ ವಾರ ನಮಗೆ ಇರೋಕೆ ಬಿಟ್ಟಿರೋದು. ಮೇಳ ಇನ್ನೂ ಐದು ತಿಂಗಳು ನಡೆಯುತ್ತೆ.”

“ಹಂಗಾದ್ರೆ ಆಮೇಲೆ ಬಂದೋರು ಬೋಳು ಗೋಡೆ ನೋಡ್ಲಿ. ನಮ್ಮೂರಿಗೆ ಜನವರೀಲಿ, ಮಳೆ ತೊಳೆದ್ಮೇಲೆ ಬಂದೋರೂ ಬೋಳು ಗೋಡೇನೇ ನೋಡೋದು. ಯಾರೂ ಸತ್ತಿಲ್ಲ.”

ನಮ್ಮ ಮಂಟಪದ ಹೊಣೆ ಹೊತ್ತ ಅಧಿಕಾರಿಯೊಬ್ಬರಿದ್ದರು. ಹೆಸರು ಬೇಡ. ಅವರಿಗೆ ಸಿಟ್ಟು ಬಂತು. “ಅಮ್ಮಾ, ಇದು ದೇಶದ ಮಂಟಪ. ನಿಮ್ಮ ಅಡುಗೆಮನೆ ಗೋಡೆ ಅಲ್ಲ.”

“ನನ್ನ ಅಡುಗೆಮನೆ ಗೋಡೆ ಆಗಿದ್ರೆ ನಿಮ್ಮನ್ನ ಒಳಗೇ ಬಿಡ್ತಿರ್ಲಿಲ್ಲ, ಸಾಮಿ.”

ಆ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದರು. ನೀನು ಓದಿದವಳು, ನೀನು ಒಪ್ಪಿಸು ಎಂದರು. ಊರಿಗೆ ಹೋದ ಮೇಲೆ ನಿನ್ನ ಕಾಲೇಜಿಗೆ ನಾನೇ ಪತ್ರ ಬರೆಯುತ್ತೇನೆ ಎಂದೂ ಹೇಳಿದರು. ಎಂಥ ಪತ್ರ ಎಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಆ ಸಂಜೆ ಅಮ್ಮನ ಪಕ್ಕ ಕುಳಿತೆ. ನನ್ನ ಬಳಿ ವಾದ ಇತ್ತು. ಓದಿದವರ ಬಳಿ ಯಾವಾಗಲೂ ಇರುತ್ತದೆ. “ಅಮ್ಮಾ, ಇದು ಗೋಡೆಯೇ ಅಲ್ಲ, ಪ್ಲೈವುಡ್ಡು. ಮೇಲೆ ಆಕಾಶ ಇಲ್ಲ, ತಗಡಿನ ಚಾವಣಿ. ಇಲ್ಲಿಗೆ ಮಳೆ ಬರೋಕೇ ಆಗಲ್ಲ. ಬಾರದೇ ಇರೋ ಮಳೇನ ತಡೆದ ಹಾಗೆ ಹೇಗಾಗತ್ತೆ?”

ಅಮ್ಮ ಹೇಳಿದರು — ಈ ಮಾತನ್ನು ನಾನು ಒಂದಕ್ಷರ ಬದಲಾಯಿಸದೆ ಹೇಳುತ್ತಿದ್ದೇನೆ — “ಗೋಡೆ ಸುಳ್ಳು. ಆಕಾಶ ಸುಳ್ಳು. ಸಗಣೀನೂ ಅರ್ಧ ಸುಳ್ಳೇ. ಆದ್ರೆ ನನ್ನ ಬೆರಳು ಸುಳ್ಳಲ್ವಲ್ಲ, ಮಗಳೇ. ಅದು ಕೇಳೋದನ್ನ ಕೇಳಾಯ್ತು. ಕೇಳಿದ್ಮೇಲೆ ಅದರ ಬಾಯಿಗೆ ಬಟ್ಟೆ ತುರುಕಬಾರ್ದು. ನಾನು ಒಪ್ಪಲ್ಲ.”

ನಾನು ಒಪ್ಪಲ್ಲ. ಕೇಳಿಸಿತೇ, ಹಿಂದಿನ ಬೆಂಚಿನ ತಾಯಂದಿರೇ? ಮಾನಾಪೋ ಕ್ವಾಬಾನೆ ಒಪ್ಪಲಿಲ್ಲ.

ಒಪ್ಪಿದ್ದು ನಾನು.

ಎರಡು ದಿನದ ನಂತರ ಮೇಳದಲ್ಲಿ ನಮ್ಮ ದೇಶದ ದಿನ. ಅಮ್ಮನನ್ನು ವೇದಿಕೆಗೆ ಕರೆದರು. ನಮ್ಮ ಹೆಂಗಸರ ಮೊಣಕಾಲಿನ ಕುಣಿತ ಅವರು ಎಷ್ಟು ಚೆನ್ನಾಗಿ ಕುಣಿಯುತ್ತಿದ್ದರು ಎಂದು ನಿಮಗೆ ಗೊತ್ತು. ಅವರು ಅಲ್ಲಿ, ಹೊರಗಿನ ಮೈದಾನದಲ್ಲಿ, ಮೊಣಕಾಲೂರಿ ಭುಜ ಕುಣಿಸುತ್ತಿದ್ದ ಹೊತ್ತಿನಲ್ಲೇ ಇಲ್ಲಿ ಒಳಗೆ ಒಂದು ಕಾಗದ ಬಂತು. ಕಲಾವಿದೆಯ ಒಪ್ಪಿಗೆ ಇದೆ ಎಂದು ರುಜು ಮಾಡಬೇಕು. ಕಲಾವಿದೆಯ ಪರವಾಗಿ ಎಂದು ಬರೆದು ನಾನು ರುಜು ಮಾಡಿದೆ. ಇಬ್ಬರು ಕೆಲಸಗಾರರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ಸಿಂಪಡಿಸಿದರು. ಒಂದು ಗಂಟೆಯ ಕೆಲಸ.

ಅಮ್ಮ ಬೆವರು ಒರೆಸಿಕೊಳ್ಳುತ್ತಾ ಬಂದರು. ವಾಸನೆ ಬಡಿದಿರಬೇಕು, ಬಾಗಿಲಲ್ಲೇ ನಿಂತರು. ಆಮೇಲೆ ಹತ್ತಿರ ಹೋಗಿ ಗೋಡೆಯನ್ನು ಮುಟ್ಟಿದರು. ಬೆರಳಿಗೆ ಏನೂ ಹತ್ತಲಿಲ್ಲ. ಬೆರಳನ್ನು ತಿರುಗಿಸಿ ನೋಡಿಕೊಂಡರು — ಹೀಗೆ. ನನ್ನ ಕಡೆ ನೋಡಿದರು.

“ನೀನಾ?”

ನಾನು ಹೂಂ ಎಂದೆ.

ಅಷ್ಟೇ. ಊರು ತಲುಪುವವರೆಗೆ ಅವರು ಆ ವಿಷಯ ಎತ್ತಲಿಲ್ಲ. ವಿಮಾನದಲ್ಲಿ ನನ್ನ ಕಾಲ ಮೇಲೆ ತಮ್ಮ ಕಂಬಳಿಯ ಒಂದು ಅಂಚನ್ನೂ ಎಳೆದು ಹೊದಿಸಿದರು.

ಇಷ್ಟಕ್ಕೇ ನಿಂತಿದ್ದರೆ! ಮೇಳದಿಂದ ನಮ್ಮ ಪತ್ರಿಕೆಗಳಿಗೆ ಒಂದು ಫೋಟೋ ಕಳಿಸುವುದಿತ್ತು. ಅದರ ಕೆಳಗೆ ಒಂದು ಸಾಲು ಬರೆದುಕೊಡು ಎಂದರು. ಬರೆದೆ. “ಇನ್ನು ಯಾವ ಮಳೆಯೂ ಮುಟ್ಟಲಾರದ ಗೋಡೆ: ಹಾ ಸೆಲೋಮೋದ ಮಾನಾಪೋ ಕ್ವಾಬಾನೆಯವರ ಕೈಚಳಕ.” ಬರೆದು ಎರಡು ಸಲ ಓದಿಕೊಂಡೆ. ಚೆನ್ನಾಗಿ ಬಂದಿದೆ ಎನ್ನಿಸಿತು.

ಮಕ್ಕಳಿಗೆ ಮಳೆಯ ಹೆಸರಿಡುವ ಜನ ನಾವು. ಅತಿಥಿ ಬಂದ ದಿನ ಮಳೆ ಬಂದರೆ ಅವನ ಕಾಲ್ಗುಣ ಎಂದು ಹೊಗಳುವ ಜನ. ಅಂಥ ನಾಡಿನಲ್ಲಿ ಹುಟ್ಟಿ, ಅಂಥ ಭಾಷೆಯನ್ನು ಪಾಠ ಹೇಳುವವಳು ಮಳೆ ಮುಟ್ಟಲಾರದ್ದು ಎಂದು ಹೆಮ್ಮೆಯಿಂದ ಬರೆದೆ. ಬೇರೆ ಯಾವ ದೇಶದವರು ಬರೆದಿದ್ದರೂ ಅದು ಹೊಗಳಿಕೆ. ನಾವು ಬರೆದರೆ ಶಾಪ. ಬರೆಯುವಾಗ ನನಗೆ ಅದು ಹೊಳೆಯಲೇ ಇಲ್ಲ. ಮೂರು ವಾರ ಹೊರಗಿದ್ದೆ, ಅಷ್ಟರಲ್ಲೇ.

ಪತ್ರಿಕೆ ಹಾ ಸೆಲೋಮೋಗೆ ಬಂತು. ಅಂಗಡಿಯ ಕಟ್ಟೆಯ ಮೇಲೆ ಯಾರೋ ಗಟ್ಟಿಯಾಗಿ ಓದಿದರು. ಆಗ ಸೆಪ್ಟೆಂಬರ್. ಅಕ್ಟೋಬರಿನಲ್ಲಿ ಮಳೆ ಬರಲಿಲ್ಲ. ನವೆಂಬರಿನಲ್ಲೂ ಬರಲಿಲ್ಲ. ಡಿಸೆಂಬರಿನ ಹೊತ್ತಿಗೆ ಮಾನಾಪೋ ಅಮ್ಮನಿಗೆ ಊರಿನಲ್ಲಿ ಇನ್ನೊಂದು ಹೆಸರಿತ್ತು — ಮಳೆಗೆ ಬೀಗ ಹಾಕಿದವಳು.

ನಿಮ್ಮನ್ನು ದೂರುತ್ತಿಲ್ಲ. ಮೊಳಕೆ ಒಣಗುವುದನ್ನು ದಿನಾ ನೋಡುವವರಿಗೆ ಯಾರದ್ದಾದರೂ ಒಂದು ಹೆಸರು ಬೇಕಾಗುತ್ತದೆ. ಆ ವರ್ಷ ಪಕ್ಕದ ಮೂರು ಜಿಲ್ಲೆಗಳಲ್ಲೂ ಮಳೆ ಬರಲಿಲ್ಲ, ಅಲ್ಲಿ ಯಾರು ವಾರ್ನಿಷ್ ಹಚ್ಚಿದ್ದರು ಎಂದು ನಾನು ಒಮ್ಮೆ ನಿಮ್ಮೂರ ಮಾಲೆಫಾ ಅಜ್ಜಿಯನ್ನು ಕೇಳಿದ್ದೆ. ಅಜ್ಜಿ ನಶ್ಯ ಏರಿಸಿಕೊಂಡು, “ಒಬ್ರು ಸೀನಿದ್ರೆ ಮನೆಗೆಲ್ಲ ನೆಗಡಿ ಆಗಲ್ವೇನೇ, ಟೀಚರಮ್ಮ?” ಎಂದರು. ಮಳೆ ಗೋಡೆಯ ಮಾತು ಕೇಳುತ್ತದೆಯೇ, ನನಗೆ ಗೊತ್ತಿಲ್ಲ. ಹಾಡಿಗೆ, ಮಾತಿಗೆ ಏನೂ ಶಕ್ತಿಯಿಲ್ಲ ಎನ್ನಲು ನನ್ನಿಂದಾಗದು. ಇಪ್ಪತ್ತು ವರ್ಷದಿಂದ ಅದಕ್ಕೆ ಶಕ್ತಿ ಇದೆ ಎಂದೇ ಪಾಠ ಮಾಡಿದ್ದೇನೆ.

ಎರಡು ವರ್ಷ ಬಿಟ್ಟು ಮಳೆ ಬಂತು. ಚೆನ್ನಾಗಿಯೇ ಬಂತು. ಎಲ್ಲರ ಗೋಡೆಗಳನ್ನೂ ತೊಳೆಯಿತು. ಆ ಹೆಸರು ಮಾತ್ರ ತೊಳೆದುಹೋಗಲಿಲ್ಲ.

ನಮ್ಮಲ್ಲಿ ಮದುವೆ ಎಂದರೆ ಊರ ಹೆಂಗಸರೆಲ್ಲ ಮುಯ್ಯಾಳಾಗಿ ಸೇರಿ ಮದುವೆ ಮನೆಯ ಗೋಡೆ ಬರೆಯುತ್ತಾರೆ. ಇವತ್ತು ನಿನ್ನ ಮನೆ, ನಾಳೆ ನನ್ನ ಮನೆ. ಆ ಕೂಟದಲ್ಲಿ ಮೊದಲ ಗೆರೆ ಎಳೆಯುತ್ತಿದ್ದವರು ಮಾನಾಪೋ ಅಮ್ಮ. ಆಮೇಲೆ ಅವರನ್ನು ಕರೆಯುವುದು ನಿಂತಿತು. ಬೈಯಲಿಲ್ಲ, ಜಗಳ ಆಡಲಿಲ್ಲ. ಕರೆಯಲಿಲ್ಲ, ಅಷ್ಟೇ. ಎಂಟು ವರ್ಷದ ಹಿಂದೆ ನಾಪೋಳ ಮದುವೆಯಾಯಿತು. ಆ ಮನೆಯ ಗೋಡೆ ಬರೆಯಲು ಒಬ್ಬರೂ ಬರಲಿಲ್ಲ. ಅರವತ್ತರ ಹೆಂಗಸು ಮೂರು ದಿನ, ನಾಲ್ಕು ಗೋಡೆ, ಒಬ್ಬರೇ ಬರೆದರು. ನಾನು ಮದುವೆಗೆ ಹೋಗಿದ್ದೆ. ಒಂದು ಉಡುಗೊರೆ ಹಿಡಿದುಕೊಂಡು. ಗೋಡೆ ಬಹಳ ಚೆನ್ನಾಗಿದೆ ಅಮ್ಮ ಎಂದೆ.

“ಹೌದಾ?” ಎಂದರು. “ಸೊಂಟ ಹೇಳ್ತಿದೆ.”

ನೀವು ಕೇಳಬಹುದು — ಅವರೇ ಯಾಕೆ ಹೇಳಲಿಲ್ಲ? ನಾನು ಒಪ್ಪಿರಲಿಲ್ಲ, ಆ ಟೀಚರು ನನಗೆ ಗೊತ್ತಿಲ್ಲದೆ ರುಜು ಹಾಕಿದಳು ಎಂದು ಒಂದು ಮಾತು. ಒಂದೇ ಮಾತು.

ಮಳೆ ಬಾರದ ಆ ಮೊದಲ ವರ್ಷ, ಡಿಸೆಂಬರಿನಲ್ಲಿ, ನಾನು ಅವರ ಮನೆಗೆ ಹೋಗಿದ್ದೆ. ಮುಖಂಡರ ಕಟ್ಟೆಗೆ ಬಂದು ನಾನೇ ಹೇಳುತ್ತೇನೆ ಅಮ್ಮ ಎಂದೆ. ಅವರು ಸೊಪ್ಪು ಸೋಸುತ್ತಿದ್ದರು. ತಲೆ ಎತ್ತಲಿಲ್ಲ.

“ನಿನ್ನ ಕೆಲ್ಸ ಕಾಯಂ ಆಯ್ತಾ?”

“ಇಲ್ಲ, ಅಮ್ಮ.”

“ಹಂಗಾದ್ರೆ ಬಾಯ್ಮುಚ್ಕೊಂಡು ಇರು. ಸುಳ್ಳು ರುಜು ಅಂದ್ರೆ ನಿನ್ನನ್ನ ನಾಳೆನೇ ತೆಗೀತಾರೆ. ನನ್ನ ಹೆಸರು ಹಳೇ ಕಂಬಳಿ ಕಣೇ. ಇನ್ನೊಂದು ತೂತು ಬಿದ್ರೆ ಯಾರಿಗೆ ಗೊತ್ತಾಗುತ್ತೆ? ನಿಂದು ಇನ್ನೂ ಹೊಸದು.”

ನಾನು ಬೇಡ ಅಮ್ಮ, ಹೇಳುತ್ತೇನೆ ಎಂದೆ. ಒಂದು ಸಲ ಎಂದೆ. ಎರಡನೆಯ ಸಲ ಎನ್ನಲಿಲ್ಲ. ಮುಂದಿನ ವರ್ಷ ನನ್ನ ಕೆಲಸ ಕಾಯಂ ಆಯಿತು. ಆಗಲಾದರೂ ಹೇಳಬಹುದಿತ್ತು. ಆಮೇಲೆ ಹಿರಿಯ ಬೋಧಕಿಯಾದೆ. ಆಗಲೂ ಹೇಳಬಹುದಿತ್ತು. ಪ್ರತಿ ಮೆಟ್ಟಿಲು ಹತ್ತಿದಾಗಲೂ ಬೀಳುವ ಎತ್ತರ ಹೆಚ್ಚಾಯಿತು. ಇದನ್ನು ಕಾರಣ ಎಂದು ಹೇಳುತ್ತಿಲ್ಲ. ಹೀಗಾಯಿತು ಎಂದು ಹೇಳುತ್ತಿದ್ದೇನೆ.

ಒಂದೇ ಒಂದು ವಿಷಯ ಅವರು ನನ್ನನ್ನು ಕೇಳುತ್ತಿದ್ದರು. ವರ್ಷಕ್ಕೊಮ್ಮೆ, ಪೀಚ್ ಮರ ಹೂ ಬಿಡುವ ಹೊತ್ತಿಗೆ, ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತು —

“ಅದು ಇನ್ನೂ ಇದೆಯೇನೇ?”

ಆ ಗೋಡೆ. ಮೇಳ ಮುಗಿದ ಮೇಲೆ ಅದನ್ನು ಹಲಗೆ ಹಲಗೆಯಾಗಿ ಬಿಚ್ಚಿ ಅಲ್ಲಿಯ ಒಂದು ಸಂಗ್ರಹಾಲಯಕ್ಕೆ ಕೊಟ್ಟಿದ್ದರು. ನಾನು ನಾಲ್ಕು ಪತ್ರ ಬರೆದೆ. ದಯವಿಟ್ಟು ಅದನ್ನು ಹೊರಗೆ ಮಳೆಯಲ್ಲಿ ಇಡಿ, ಇಲ್ಲವೇ ಒಡೆದುಹಾಕಿ, ಕಲಾವಿದೆಯ ಕೋರಿಕೆ ಎಂದು ಬರೆದೆ. ನಾಲ್ಕನೆಯ ಪತ್ರಕ್ಕೆ ಉತ್ತರ ಬಂತು. ಗೋಡೆ ಕ್ಷೇಮವಾಗಿದೆ, ಉಗ್ರಾಣದಲ್ಲಿ ಒಣ ಹವೆಯಲ್ಲಿ ಇಟ್ಟಿದ್ದೇವೆ, ನಮ್ಮ ಶಾಶ್ವತ ಸಂಗ್ರಹದ ವಸ್ತುವನ್ನು ನಾಶ ಮಾಡುವಂತಿಲ್ಲ, ಕಲಾವಿದೆಗೆ ನಮ್ಮ ಅಭಿನಂದನೆ ತಿಳಿಸಿ ಎಂದಿತ್ತು. ಅಮ್ಮನಿಗೆ ಓದಿ ಹೇಳಿದೆ.

“ಒಣ ಹವೆ” ಎಂದರು. ತರಗತಿಗೆ ಹೋದರು.

ಆ ಗೋಡೆ ಈಗಲೂ ಅಲ್ಲಿದೆ. ಕತ್ತಲಲ್ಲಿ, ಹೊಳೆಯುತ್ತಾ. ಬರೆದವರು ಶನಿವಾರ ಮಣ್ಣು ಸೇರುತ್ತಾರೆ. ಅದು ಸೇರುವುದಿಲ್ಲ. ಅದಕ್ಕೆ ನಾನು ಮಾಡಬಹುದಾದ್ದು ಇನ್ನೇನೂ ಉಳಿದಿಲ್ಲ.

ಹೋದ ವಾರ ಆಸ್ಪತ್ರೆಯಲ್ಲಿ ಅವರ ಹಾಸಿಗೆಯ ಪಕ್ಕ ಕುಳಿತಿದ್ದೆ. ಉಸಿರು ಕಷ್ಟವಾಗಿತ್ತು. ಈಗಲಾದರೂ ಹೇಳಿಬಿಡುತ್ತೇನೆ ಅಮ್ಮ ಎಂದೆ. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ನಿದ್ದೆ ಬಂತೇನೋ ಎಂದುಕೊಂಡೆ. ಆಮೇಲೆ ಹೇಳಿದರು —

“ನಿನ್ನ ಭಾರ ಇಳಿಸ್ಕೊಳ್ಳೋಕೆ ಹೇಳ್ಬೇಡ. ನನ್ನ ಹೆಣದ ಪೆಟ್ಟಿಗೆ ಮೇಲೆ ಹತ್ತಿ ನಿಂತ್ಕೊಂಡು ಅಳ್ಬೇಡ. ಯಾರಿಗಾದ್ರೂ ಅದರಿಂದ ಉಪಯೋಗ ಆಗೋ ಹಂಗಿದ್ರೆ ಹೇಳು. ಇಲ್ದಿದ್ರೆ ಸುಮ್ನಿರು.”

ಈ ಮಾತು ಕೇಳಿದ ಮೇಲೆ ನಾನು ಸುಮ್ಮನೇ ಇರುತ್ತಿದ್ದೆ. ನಿಜ ಹೇಳುತ್ತೇನೆ, ಸುಮ್ಮನಿರಲು ಅವರೇ ಅಪ್ಪಣೆ ಕೊಟ್ಟರಲ್ಲ ಎಂದು ಒಳಗೊಳಗೇ ಸಮಾಧಾನವಾಗಿತ್ತು. ಈ ಸಭೆಗಾಗಿ ಬೇರೊಂದು ಭಾಷಣವನ್ನೇ ಬರೆದಿಟ್ಟಿದ್ದೆ. ಒಳ್ಳೆಯ ಭಾಷಣ. ಅದು ಈ ಕಡತದಲ್ಲೇ ಇದೆ.

ನಿನ್ನೆ ಮಧ್ಯಾಹ್ನ ಹಾ ಸೆಲೋಮೋಗೆ ಹೋದೆ. ಸಾವಿನ ಮನೆ, ಶನಿವಾರ ಊರೆಲ್ಲ ಬರುತ್ತದೆ, ಅಂಗಳ ಗೋಡೆ ಸಾರಿಸಬೇಕು. ಯಾರ ಮನೆಯಲ್ಲಿ ಸಾವಾದರೂ ನೆರೆಯ ಹೆಂಗಸರು ಬಕೆಟ್ ಹಿಡಿದು ಬರುತ್ತಾರೆ, ಅವರನ್ನು ಯಾರೂ ಕರೆಯಬೇಕಾಗಿಲ್ಲ. ಅಲ್ಲಿ ನಾಪೋ ಒಬ್ಬಳೇ ಇದ್ದಳು. ಏಳು ತಿಂಗಳ ಬಸುರಿ. ಮೊಣಕೈವರೆಗೆ ಮಣ್ಣು. ಬೇಲಿಯ ಆಚೆ ನಾಲ್ಕೈದು ಜನ ನಿಂತಿದ್ದಿರಿ. ನಿಮಗೆ ಬರಬೇಕು ಎನ್ನಿಸಿತ್ತು, ನಿಮ್ಮ ಮುಖ ನೋಡಿದ್ದೇನೆ. ನಾನು ಕೇಳಿದ್ದಕ್ಕೆ ಒಬ್ಬರು ಹೇಳಿದಿರಿ — ಹೇಳಿದ್ದರಲ್ಲಿ ಕೆಟ್ಟತನ ಇರಲಿಲ್ಲ, ಹೆದರಿಕೆ ಇತ್ತು — “ನಮ್ಮ ಕೈ ಆ ಗೋಡೆ ಮುಟ್ಟಿ, ಈ ಸಲಾನೂ ಮಳೆ ಕೈಕೊಟ್ರೆ, ನಮ್ಮ ಮಕ್ಕಳ ಬಾಯಿಗೆ ಏನಿಡೋದು, ಅಕ್ಕಾ?”

ನಾಪೋ ಅದನ್ನು ಕೇಳಿಸಿಕೊಂಡಳು. ಕೇಳಿಸಲಿಲ್ಲವೆಂಬ ಹಾಗೆ ಸಾರಿಸುತ್ತಲೇ ಇದ್ದಳು.

ಆದ್ದರಿಂದ ಹೇಳುತ್ತಿದ್ದೇನೆ. ಉಪಯೋಗ ಆಗುವ ಹಾಗಿದ್ದರೆ ಹೇಳು ಎಂದಿದ್ದರಲ್ಲ, ಆದ್ದರಿಂದ.

ನ್ಟಾಟೆ ಸೆಖೋಬೆಯವರೇ, ಹಿರಿಯರ ಮುಂದೆ ಮಾತಾಡುವ ರೀತಿಯಲ್ಲೇ ಮಾತಾಡುತ್ತೇನೆ. ಮಳೆಗೆ ಬೀಗ ಹಾಕಿದ್ದು ನಿಜವಾದರೆ ಹಾಕಿದ ಕೈ ಇದು. ಇದು, ನೋಡಿ. ಮಾನಾಪೋ ಕ್ವಾಬಾನೆಯವರ ಕೈ ಅಲ್ಲ. ಆ ಗೋಡೆಯ ವಿಷಯದಲ್ಲಿ ಇಡೀ ಮೇಳದಲ್ಲಿ, ಇಡೀ ದೇಶದಲ್ಲಿ, ಒಪ್ಪುವುದಿಲ್ಲ ಎಂದವರು ಅವರೊಬ್ಬರೇ. ಪದ್ಧತಿಯನ್ನು ಬಿಟ್ಟುಕೊಡದಿದ್ದ ಒಬ್ಬಳೇ ಹೆಂಗಸನ್ನು ನಾವು ಪದ್ಧತಿ ಮುರಿದವಳೆಂದು ಹದಿಮೂರು ವರ್ಷ ಹೊರಗೆ ನಿಲ್ಲಿಸಿದೆವು. ರುಜು ಮಾಡಿದ ಕಾಗದದ ಪ್ರತಿ ನನ್ನಲ್ಲಿದೆ. ಸಭೆ ಮುಗಿದ ಮೇಲೆ ಪ್ರಾಂಶುಪಾಲರಿಗೆ ಕೊಡುತ್ತೇನೆ. ಅವರು ಏನು ಮಾಡಬೇಕೋ ಮಾಡಲಿ. ಆ ಹೆಸರನ್ನು ಯಾರ ಮೇಲಾದರೂ ಇಡಲೇಬೇಕು ಎನ್ನಿಸಿದರೆ ನನ್ನ ಮೇಲಿಡಿ. ಸಂತೆಯಲ್ಲಿ ಕೂಗಿ ಕರೆಯಿರಿ, ತಿರುಗಿ ನೋಡುತ್ತೇನೆ. ಹಿರಿಯರಿಗೆ ಎಂಥ ತಪ್ಪುಕಾಣಿಕೆ ಕೊಡಬೇಕು, ಕುರಿಯೋ, ಹಸುವೋ, ಅದನ್ನು ನೀವು ಹೇಳಿ, ನಾನು ಕೊಡುತ್ತೇನೆ. ಅವರ ಮನೆಯಿಂದ ಅಲ್ಲ, ನನ್ನ ಮನೆಯಿಂದ.

ನಾಪೋ, ನಿನ್ನಲ್ಲಿ ಕ್ಷಮೆ ಕೇಳುವುದಿಲ್ಲ. ಈ ಜನರ ಮುಂದೆ ಕೇಳಿದರೆ ನೀನು ಇಲ್ಲ ಎನ್ನಲಾರೆ. ಅದು ಇನ್ನೊಂದು ಸುಳ್ಳು ರುಜು ಹಾಕಿಸಿಕೊಂಡ ಹಾಗೆ. ನಿನಗೆ ಯಾವಾಗ ನನ್ನ ಮುಖ ನೋಡಬೇಕು ಎನ್ನಿಸುತ್ತದೋ ಆಗ ಹೇಳಿ ಕಳಿಸು. ಎನ್ನಿಸದಿದ್ದರೆ ಬೇಡ.

ನಾಳೆ ಶುಕ್ರವಾರ. ಆ ಮನೆಗೆ ಇನ್ನೂ ಎರಡು ಗೋಡೆ ಮತ್ತು ಇಡೀ ಅಂಗಳ ಬಾಕಿ ಇದೆ. ನಾನು ಹೋಗುತ್ತೇನೆ. ನನಗೆ ಸರಿಯಾಗಿ ಸಾರಿಸಲು ಬರುವುದಿಲ್ಲ ಎಂದು ಅಮ್ಮ ಬಹಳ ಸಲ ಬೈದಿದ್ದಾರೆ. ಆದರೂ ಹೋಗುತ್ತೇನೆ.

ಈಗ ಎಲ್ಲರೂ ಎದ್ದು ನಿಲ್ಲೋಣ. ಕಾರ್ಯಕ್ರಮದ ಪಟ್ಟಿಯಲ್ಲಿ ಒಂದು ನಿಮಿಷ ಮೌನ ಎಂದಿದೆ. ನನ್ನಂಥವಳಿಗೆ ಅದು ಕಷ್ಟವಲ್ಲ, ಅಭ್ಯಾಸವಾಗಿದೆ. ಆದರೆ ನಿಮಿಷ ಮುಗಿದ ಮೇಲೆ ಯಾರಾದರೂ ಮೊದಲು ಮಾತಾಡಬೇಕಲ್ಲ — ಅದು ನಾನಾಗುವುದು ಬೇಡ. ಪ್ರಾಂಶುಪಾಲರೂ ಬೇಡ. ಹಿಂದಿನ ಬೆಂಚಿನಿಂದ ಬರಲಿ. ಉದ್ದ ಮಾತು ಬೇಕಾಗಿಲ್ಲ. ನಾಪೋಳ ಕಡೆ ತಿರುಗಿ, ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಯಾರಾದರೂ ಒಬ್ಬರು ಕೇಳಿದರೆ ಸಾಕು.

ಅಲ್ಲಿಯವರೆಗೆ ನಾವು ನಿಂತೇ ಇರೋಣ. ಏಳಿ.